ಹಿತ್ತಿಲಿಗೆ ಬರುವುದು ಮಲಬಾರ್ ಪುನುಗು ಬೆಕ್ಕು ಇರಬಹುದಾ?

ಪೆರ್ಡೂರು ಹುಡುಗ:
ನಮ್ಮದು ಉಡುಪಿ ಹತ್ತಿರ ಪೆರ್ಡೂರು ಕಡೆ. ಮನೆ ಹಿಂದೆ ಅಡಿಕೆ ತೋಟ, ಅದರ ಮೇಲೆ ಹಳೇ ಗೇರು ಹಾಡಿ. ಹಲಸು ಹಣ್ಣಾದಾಗಿನಿಂದ ಒಂದು ಪ್ರಾಣಿ ರಾತ್ರಿ ಬಾವಿಕಟ್ಟೆ ಹತ್ತಿರ ಬರುತ್ತಿದೆ. ಬೂದು ಮೈ, ಕಪ್ಪು ಚುಕ್ಕೆ, ಬಾಲದಲ್ಲಿ ಬಳೆ ಬಳೆ. ಮೊದಲು ಟಾರ್ಚ್ ಬಿಟ್ಟರೆ ಓಡುತ್ತಿತ್ತು. ಈಗ ಅಮ್ಮ ಜಗಲಿಯಲ್ಲಿ ಕೂತು ಮಾತಾಡಿದರೂ ನಿಂತು ತಿನ್ನುತ್ತದೆ. ಅವರು ದಿನಾ ಬಾಳೆಹಣ್ಣು ಇಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನಸ್ಸು ಬಿಚ್ಚಿ ಮಾತಾಡುವುದು ಅದರ ಹತ್ತಿರವೇ.

ಮಂಗಳೂರಿನ ಮಾವನ ಮಗ ಫೋಟೋ ನೋಡಿ, "ಇದು ಮಲಬಾರ್ ಪುನುಗು, ನಾಮಾವಶೇಷ ಆಗಿದೆ ಅಂತಾರೆ, ಪೇಪರಿಗೆ ಕೊಡು" ಅಂದ. ಫೋಟೋ ಸರಿಯಾಗಿ ಬಂದಿಲ್ಲ. ಗುರುತಿಸುವುದು ಹೇಗೆ?

ಬಜಪೆ ಮಾಷ್ಟ್ರು:
ತಮ್ಮಾ, ಪೇಪರಿಗೆ ಸದ್ಯ ಬೇಡ. ಮೊದಲು ಬೆನ್ನು ನೋಡು.

ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಸಿಗುವುದು ಸಣ್ಣ ಪುನುಗು ಬೆಕ್ಕು. ತೂಕ 2ರಿಂದ 4 ಕಿಲೋ. ಬೆನ್ನ ಮೇಲೆ ಉದ್ದಕ್ಕೆ ಗೆರೆ, ಪಕ್ಕೆಯಲ್ಲಿ ಸಾಲಾಗಿ ಸಣ್ಣ ಚುಕ್ಕೆ. ಮಲಬಾರ್ ಪುನುಗು ಅದಕ್ಕಿಂತ ದೊಡ್ಡದು. ಚುಕ್ಕೆಗಳೂ ದೊಡ್ಡವು. ಮುಖ್ಯವಾಗಿ ಹೆಗಲಿನಿಂದ ಬಾಲದ ತನಕ ಬೆನ್ನ ನಡುವೆ ಉದ್ದ ಕಪ್ಪು ಕೂದಲಿನ ಸಾಲು ಇರುತ್ತದೆ, ಕುದುರೆಯ ಜೂಲಿನ ಹಾಗೆ. ಸಣ್ಣ ಪುನುಗಿಗೆ ಅದಿಲ್ಲ. ಇನ್ನು ಹಂಚಿನ ಮಾಡಿನಲ್ಲಿ ಸೇರಿಕೊಳ್ಳುವ ಮರಬೆಕ್ಕು ಬೇರೆಯೇ, ಅದರ ಬಾಲದಲ್ಲಿ ಬಳೆ ಇರುವುದಿಲ್ಲ.

ಬಾವಿಕಟ್ಟೆಗೆ ಸುಣ್ಣದಲ್ಲಿ ಒಂದಡಿಯ ಗುರುತು ಹಾಕು. ಪ್ರಾಣಿ ಅದರ ಪಕ್ಕ ಬಂದಾಗ ಅಡ್ಡದಿಂದ ಫೋಟೋ ತೆಗೆ. ಗಾತ್ರ ಎಷ್ಟೆಂದು ಗೊತ್ತಾಗುತ್ತದೆ. ಫ್ಲ್ಯಾಶ್ ಬೇಡ.

ನಿನ್ನ ಮಾವನ ಮಗ ಹೇಳಿದ್ದು ಸುಮ್ನೆ ಹುಟ್ಟಿದ ಮಾತಲ್ಲ, ಇದನ್ನು ಹೇಳಲೇಬೇಕು. 1862ರಲ್ಲಿ ಬ್ಲೈತ್ ಎಂಬ ವಿಜ್ಞಾನಿ ಮಲಬಾರ್ ಪುನುಗಿಗೆ ವೈಜ್ಞಾನಿಕ ಹೆಸರು ಕೊಟ್ಟ. ಆ ಕಾಲದಲ್ಲೇ ಜೆರ್ಡನ್ ಎಂಬ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ, ಹೊನ್ನಾವರದಿಂದ ಕನ್ಯಾಕುಮಾರಿ ತನಕ ಈ ಪ್ರಾಣಿ ಇದೆ ಅಂತ ಬರೆದಿದ್ದ. ನಮ್ಮ ಮಂಗಳೂರು, ಉಡುಪಿ ಎಲ್ಲ ಅದರೊಳಗೇ ಬಂತು, ಅಲ್ವಾ? ಆಮೇಲೆ ಕಾಣದೆ ಹೋಯಿತು. ಮುಗಿಯಿತು ಅಂದುಕೊಂಡಾಗ 1987ರಲ್ಲಿ ಕೇರಳದ ನಿಲಂಬೂರು ಕಡೆ ಇದರ ಕುರುಹು ಸಿಕ್ಕಿತು. ಮತ್ತೆ ಸಿಕ್ಕ ಸುಳಿವುಗಳೂ ಎಲ್ಲಿಯವು ಗೊತ್ತಾ? ದಟ್ಟ ಕಾಡಿನವಲ್ಲ. ಅಡಿಗಿಡ ಸವರದೆ ಬಿಟ್ಟ ಗೇರು ತೋಪಿನವು. ಬದುಕಿರುವ ಮಲಬಾರ್ ಪುನುಗಿನ ಒಂದು ಸ್ಪಷ್ಟ ಫೋಟೋ ಕಾಡಿನಿಂದ ಇವತ್ತಿಗೂ ಬಂದಿಲ್ಲ. ಕ್ಯಾಮೆರಾ ಇಟ್ಟು ಹುಡುಕಿದವರಿಗೂ ಸಿಗಲಿಲ್ಲ.

ಇದು ಇಲ್ಲಿಯ ಮೂಲದ್ದೇ ಅಲ್ಲ, ಪುನುಗಿನ (ಈ ಪ್ರಾಣಿಯಿಂದ ತೆಗೆಯುವ ಸುಗಂಧದ) ವ್ಯಾಪಾರಕ್ಕೆ ಪೂರ್ವ ದೇಶಗಳಿಂದ ತಂದ ಪ್ರಾಣಿಗಳ ಸಂತತಿ ಇರಬಹುದು ಅನ್ನುವ ವಾದವೂ ಇದೆ. ನನಗೆ ಇದು ನಮ್ಮದೇ ಅನ್ನಿಸುತ್ತದೆ. ಗೇರು ಗುಡ್ಡೆಯಲ್ಲೇ ಆಡಿ ಬೆಳೆದವನು ನಾನು. ಕೇಪುಳ, ಮುಳ್ಳಿನ ಪೊದೆ ತುಂಬಿದ ಆ ಗುಡ್ಡೆಗಳಲ್ಲಿ ಏನೆಲ್ಲ ಅಡಗಿರುತ್ತಿತ್ತು! ಈಗ ಜೆಸಿಬಿ ಹತ್ತಿಸಿ ರಬ್ಬರ್ ಹಾಕುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಟಪಾಡಿ ಶೈಲಾ:
ಪೆರ್ಡೂರಿನವರೇ, ಯಾವ ಪುನುಗೇ ಆಗಲಿ, ಬಾಳೆಹಣ್ಣು ಇಡುವುದು ಮೆಲ್ಲ ನಿಲ್ಲಿಸಿ. ನಮ್ಮ ಪಕ್ಕದ ಮನೆಯವರು ಒಂದು ಮರಬೆಕ್ಕಿಗೆ ಹಾಲು ಅನ್ನ ಹಾಕುತ್ತಿದ್ದರು. ಅದಕ್ಕೆ ಮನುಷ್ಯರ ಹೆದರಿಕೆಯೇ ಹೋಯಿತು. ಬೇರೆಯವರ ಅಂಗಳಕ್ಕೂ ಹಾಗೇ ಹೋಯಿತು, ಅಲ್ಲಿ ನಾಯಿಗಳು ಬಿಡಲಿಲ್ಲ. ಅಮ್ಮನಿಗೆ ಜಗಲಿಯಲ್ಲಿ ಕೂತು ನೋಡಬೇಡಿ ಅಂತ ಹೇಳುತ್ತಿಲ್ಲ. ಹಲಸು, ಪೇರಳೆ ಮರದಡಿ ಬಿದ್ದದ್ದನ್ನು ಹೆಕ್ಕದೆ ಬಿಟ್ಟರೆ ಸಾಕು, ಅದು ಬಂದೇ ಬರುತ್ತದೆ.

ಪೆರ್ಡೂರು ಹುಡುಗ:
ಮಾಷ್ಟ್ರೇ, ಸುಣ್ಣದ ಗುರುತು ಹಾಕಿ ಫೋಟೋ ತೆಗೆದೆ. ಬೆನ್ನ ಮೇಲೆ ಜೂಲು ಇಲ್ಲ. ಉದ್ದ ಗೆರೆ ಚೆನ್ನಾಗಿ ಕಾಣುತ್ತದೆ. ಸಣ್ಣ ಪುನುಗೇ. ಶೈಲಕ್ಕ, ಅಮ್ಮನಿಗೆ ನಿಮ್ಮ ಮಾತು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಣ್ಣನ್ನು ಹಿಂದಿನ ಪೇರಳೆ ಮರದ ಬುಡಕ್ಕೆ ಸಾಗಿಸಿದ್ದಾರೆ, ದಿನಾ ಸ್ವಲ್ಪ ಕಮ್ಮಿ ಮಾಡ್ತೇನೆ ಅಂದರು.

ಬಜಪೆ ಮಾಷ್ಟ್ರು:
ಒಳ್ಳೆಯದಾಯಿತು. ಸಣ್ಣ ಪುನುಗಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹಾಡಿಯಲ್ಲಿ ಯಾರಾದರೂ ಹಂದಿಗೆ ಉರುಳು ಇಟ್ಟಿದ್ದಾರಾ ಅಂತ ಒಮ್ಮೆ ಸುತ್ತಿ ನೋಡು, ಕಂಡರೆ ಅರಣ್ಯ ಇಲಾಖೆಗೆ ಹೇಳು. ಗೇರು ಕೊಯ್ಲಿಗೆ ಮುಂಚೆ ಅಡಿಗಿಡ ಸವರುವಾಗ ತೋಡಿನ ಬದಿಯದ್ದನ್ನು ಹಾಗೇ ಬಿಡು. ಮತ್ತೆ, ಯಾವತ್ತಾದರೂ ಬೆನ್ನ ಮೇಲೆ ಜೂಲು ಇರುವುದು ಬಂದರೆ ಜಾಗದ ಹೆಸರು ಇಲ್ಲಿ ಹಾಕಬೇಡ, ನನಗೆ ಮೆಸೇಜ್ ಮಾಡು. ರಾತ್ರಿ ಎರಡು ಗಂಟೆಯಾದರೂ ಬರುತ್ತೇನೆ.