ಕೊಳೆ ಮದ್ದಿನ ಚರ್ಚೆಯಲ್ಲಿ ತರ್ಕ ತಪ್ಪಿದ್ದೆಲ್ಲಿ?

ತೋಟಿಗ, ಶಿರಸಿ:
ನಮ್ಮೂರಿನ ಅಡಿಕೆ ಬೆಳೆಗಾರರ ಸಭೆಯಲ್ಲಿ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗದ ಹೊಸ ಔಷಧಿಯೊಂದರ ಬಗ್ಗೆ ಆರಂಭವಾದ ಚರ್ಚೆ ಜಗಳದಲ್ಲಿ ಮುಗಿಯಿತು. ಒಬ್ಬರು, "ಹೋದ ಮಳೆಗಾಲದಲ್ಲಿ ಇದನ್ನೇ ಹೊಡೆಸಿದೆ, ಕೊಳೆ ಬರಲಿಲ್ಲ, ಇನ್ನೇನು ಸಾಕ್ಷಿ ಬೇಕು?" ಎಂದರು. ಹಿರಿಯರೊಬ್ಬರು, ಅಜ್ಜನ ಕಾಲದಿಂದ ನಡೆದುಬಂದ, ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣವೇ ಸರಿಯೆಂದರು. ನಡುವೆ ಪ್ರಶ್ನೆ ಎತ್ತಿದ ಯುವಕನಿಗೆ ಸಿಕ್ಕ ಉತ್ತರ, "ತಮಾ, ನಿಂಗೆ ಎಷ್ಟು ಗುಂಟೆ ತೋಟ ಇದ್ದು?" ಮೂರೂ ವಾದಗಳಲ್ಲಿ ಏನೋ ಕೊರತೆಯಿದೆ ಎಂದು ತೋರುತ್ತದೆ. ಅದನ್ನು ಗುರುತಿಸುವುದು ಹೇಗೆ?

ನಿವೃತ್ತ ಅಧ್ಯಾಪಕ, ಕುಮಟಾ:
ಮೊದಲನೆಯದು ಕಾಕತಾಲೀಯ. ಒಂದರ ಹಿಂದೆ ಇನ್ನೊಂದು ನಡೆಯಿತೆಂಬ ಮಾತ್ರಕ್ಕೆ ಮೊದಲಿನದೇ ಕಾರಣವಾಗುವುದಿಲ್ಲ. ಕೊಳೆಯನ್ನು ತರುವ ಫೈಟಾಫ್ತರಾ ಎಂಬ ಸೂಕ್ಷ್ಮಜೀವಿ ಬಿಡುವಿಲ್ಲದ ಮಳೆ ಮತ್ತು ತಂಪು ಹವೆಯಲ್ಲಿ ಹಬ್ಬುವುದರಿಂದ, ನಡುನಡುವೆ ಬಿಸಿಲು ಬಿದ್ದ ವರ್ಷ ಮದ್ದು ಹೊಡೆಯದ ತೋಟದಲ್ಲೂ ಅದು ಕಡಿಮೆಯಿರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಅದೇ ಮಳೆಯಲ್ಲಿ, ಪಕ್ಕದಲ್ಲೇ ಇದ್ದು ಈ ಔಷಧಿ ಕಾಣದ ಮರಗಳ ಅಡಿಕೆ ಗೊನೆಗಳು ಹೇಗಿದ್ದವು? ಅದನ್ನು ಯಾರೂ ನೋಡಿಲ್ಲವಾದರೆ ಸಾಕ್ಷಿ ಇನ್ನೂ ಹುಟ್ಟಿಯೇ ಇಲ್ಲ.

ಹಿರಿಯರ ಮಾತಿನಲ್ಲಿ ಹಳೆಯದೆಂಬುದೇ ಪ್ರಮಾಣವಾಗಿದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಸಸ್ಯವಿಜ್ಞಾನಿ ಮಿಯಾರ್ಡೆ 1885ರಲ್ಲಿ ಪ್ರಕಟಿಸಿದ ಮೈಲುತುತ್ತು–ಸುಣ್ಣದ ಈ ಮಿಶ್ರಣವನ್ನು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಗೆ ಶಿಫಾರಸು ಮಾಡಿದಾಗ ಅದೂ ಹೊಸದೇ ಆಗಿತ್ತು. ಅಂದಿನ ಅಜ್ಜಂದಿರು ಇದೇ ವಾದ ಹೂಡಿದ್ದರೆ ಬೋರ್ಡೋ ನಮ್ಮ ತೋಟಕ್ಕೆ ಬರುತ್ತಲೇ ಇರಲಿಲ್ಲ.

ಓದುಗ, ಕಾರವಾರ:
ಯುವಕನಿಗೆ ಹೇಳಿದ್ದು ವ್ಯಕ್ತಿಯ ಮೇಲಿನ ದಾಳಿ, ಅದರಲ್ಲಿ ಸಂಶಯವಿಲ್ಲ. ಆದರೆ ಹೇಳುವವರ ಬಗ್ಗೆ ಕೇಳುವ ಪ್ರಶ್ನೆಯೆಲ್ಲ ತಪ್ಪಲ್ಲ. ಔಷಧಿಯನ್ನು ಹೊಗಳಿದವರೇ ಅದರ ಮಾರಾಟಗಾರರೂ ಆಗಿದ್ದರೆ, ಅವರ ಮಾತನ್ನೇ ಸಾಕ್ಷಿಯಾಗಿ ನಂಬಬೇಕಾದ ಸಂದರ್ಭದಲ್ಲಿ ಅವರ ಲಾಭವನ್ನು ವಿಚಾರಿಸುವುದು ನ್ಯಾಯವೇ. ಯುವಕ ಯಾವ ಸಾಕ್ಷಿಯನ್ನೂ ನುಡಿದಿರಲಿಲ್ಲ, ಪ್ರಶ್ನೆಯನ್ನಷ್ಟೇ ಕೇಳಿದ್ದ. ಗುಂಟೆಯ ಲೆಕ್ಕ ಅಲ್ಲಿ ಅಪ್ರಸ್ತುತ.

ತೋಟಿಗ, ಶಿರಸಿ:
ಧನ್ಯವಾದಗಳು. ಒಂದು ಮಾತು ಬಿಟ್ಟುಹೋಗಿತ್ತು. ಆ ಯುವಕ, "ಎರಡನೆಯ ಸಲ ಹೊಡೆಸುವುದು ಎಲ್ಲ ತೋಟಕ್ಕೂ ಬೇಕೇ?" ಎಂದಷ್ಟೇ ಕೇಳಿದ್ದ. "ಹಾಗಾದರೆ ಮದ್ದೇ ಬೇಡ, ಫಸಲೆಲ್ಲ ಉದುರಲಿ ಎನ್ನುತ್ತೀಯಾ?" ಎಂದು ಅವನನ್ನು ಸುಮ್ಮನಾಗಿಸಿದರು.

ನಿವೃತ್ತ ಅಧ್ಯಾಪಕ, ಕುಮಟಾ:
ಎದುರಾಳಿಯ ಮಾತನ್ನು ಅವನು ಒಪ್ಪದಷ್ಟು ದೂರ ಹಿಗ್ಗಿಸಿ ಖಂಡಿಸುವುದನ್ನು ತರ್ಕಶಾಸ್ತ್ರದ ಪ್ರಾಚೀನ ಗ್ರಂಥವಾದ ಗೌತಮನ ನ್ಯಾಯಸೂತ್ರ ಸಾಮಾನ್ಯಛಲವೆಂದು ಹೆಸರಿಸಿದೆ (ಇಲ್ಲಿ ಛಲವೆಂದರೆ ಹಟವಲ್ಲ, ಮಾತಿನ ಕಪಟ). ತಾಳಮದ್ದಳೆಯಲ್ಲಿ ಅರ್ಥಧಾರಿ ಇದನ್ನು ಚಂದವಾಗಿ ಮಾಡಿದರೆ ನಾವೇ ಚಪ್ಪಾಳೆ ತಟ್ಟುತ್ತೇವೆ (ನಾನಂತೂ ತಟ್ಟುತ್ತೇನೆ), ಏಕೆಂದರೆ ಅಲ್ಲಿ ಗೆಲುವೇ ರಸ. ನ್ಯಾಯಸೂತ್ರವೂ ಸತ್ಯ ತಿಳಿಯಲು ನಡೆಯುವ ವಾದವನ್ನು ಗೆಲ್ಲಲೆಂದೇ ನಡೆಯುವ ಜಲ್ಪದಿಂದ ಬೇರೆಯಾಗಿಟ್ಟು, ಛಲವನ್ನು ಜಲ್ಪದ ಪಾಲಿಗೆ ಬಿಟ್ಟಿದೆ. ನಿಮ್ಮ ಸಭೆ ಕೂಡಿದ್ದು ಮದ್ದನ್ನು ಆರಿಸಲಿಕ್ಕೆ.

ಓದುಗ, ಕಾರವಾರ:
ಇನ್ನೊಂದು ಎಚ್ಚರಿಕೆ. ವಾದ ತಪ್ಪಾಗಿದೆಯೆಂದು ತೋರಿಸಿದರೆ ತೀರ್ಮಾನವೂ ಸುಳ್ಳೆಂದು ಸಿದ್ಧವಾಗುವುದಿಲ್ಲ. ಆ ಔಷಧಿ ನಿಜಕ್ಕೂ ಪರಿಣಾಮಕಾರಿ ಆಗಿರಬಹುದು. ಮುಂದಿನ ಮಳೆಗಾಲಕ್ಕೆ ಒಂದೇ ತೋಟದ ಕೆಲವು ಸಾಲಿಗೆ ಅದನ್ನು, ಉಳಿದವಕ್ಕೆ ಬೋರ್ಡೋವನ್ನು ಒಂದೇ ದಿನ ಹೊಡೆಸಿ, ಯಾವ ಸಾಲಿನಲ್ಲಿ ಎಷ್ಟು ಕಾಯಿ ಉದುರಿತೆಂದು ಬರೆದಿಡಲು ಒಬ್ಬರನ್ನು ನೇಮಿಸಿರಿ. ಆ ಯುವಕನೇ ಆದೀತು.