ಸೇವಾ ಸಂಸ್ಥೆಗೆ ಅಂತರ್ಜಾಲದ ಮೂಲಕ ಬೆಂಬಲ: ಅನುಭವ ಹಂಚಿಕೆ

ಪ್ರಶ್ನೆ:

ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳಿಕೊಡುವ ಸಣ್ಣ ಸೇವಾ ಸಂಸ್ಥೆಯೊಂದರಲ್ಲಿ ನಾನು ತೊಡಗಿಕೊಂಡಿದ್ದೇನೆ. ನಮಗೆ ವೆಬ್‌ಸೈಟ್ ಇದೆ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಖಾತೆಗಳೂ ಇವೆ. ಹಾಕಿದ ಚಿತ್ರಗಳನ್ನು ಮೆಚ್ಚುವವರು ಸಾಕಷ್ಟಿದ್ದರೂ ದೇಣಿಗೆ ಕೊಡುವವರು, ಪಾಠ ಹೇಳಲು ಮುಂದೆ ಬರುವವರು ತೀರ ಕಡಿಮೆ. ಪ್ರಚಾರಕ್ಕೆಂದೇ ಸಂಬಳ ಕೊಟ್ಟು ಜನರನ್ನು ನೇಮಿಸಿಕೊಳ್ಳುವ ಶಕ್ತಿ ನಮಗಿಲ್ಲ. ಯಾವುದರಿಂದ ಆರಂಭಿಸಬೇಕೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ದೇಣಿಗೆ ಸಂಗ್ರಹದ ಹೊಣೆ ಹೊತ್ತ ಒಬ್ಬರು:

ವೆಬ್‌ಸೈಟಿನಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಸಾಮಾಜಿಕ ಜಾಲತಾಣದಲ್ಲಿ ನಿಮ್ಮ ಪೋಸ್ಟ್ ಯಾರಿಗೆ ಕಾಣಬೇಕೆಂಬುದನ್ನು ಆ ಕಂಪನಿಯೇ ನಿರ್ಧರಿಸುತ್ತದೆ. ನಿಮ್ಮ ವೆಬ್‌ಸೈಟ್ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ಪೋಸ್ಟ್ ನೋಡಿ ಮನಸ್ಸು ಕರಗಿದ ವ್ಯಕ್ತಿ ಹಣ ಕೊಡುವ ಮುನ್ನ ಅಲ್ಲಿಗೆ ಬಂದು ಹುಡುಕುವುದು ಹೆಚ್ಚಾಗಿ ಮೂರೇ ಸಂಗತಿಗಳನ್ನು: ಈ ಸಂಸ್ಥೆಯನ್ನು ನಡೆಸುವವರು ಯಾರು, ಇದುವರೆಗೆ ಏನು ಮಾಡಿದ್ದಾರೆ, ಬಂದ ಹಣ ಎಲ್ಲಿಗೆ ಹೋಯಿತು. ಆದ್ದರಿಂದ ನೋಂದಣಿಯ ವಿವರ, ಟ್ರಸ್ಟಿಗಳ ಹೆಸರು, ಲೆಕ್ಕಪರಿಶೋಧನೆಯಾದ ವಾರ್ಷಿಕ ಲೆಕ್ಕಪತ್ರ, ಇವು ಸುಲಭವಾಗಿ ಕಣ್ಣಿಗೆ ಬೀಳುವಂತಿರಬೇಕು. ಧ್ಯೇಯವಾಕ್ಯಗಳು ಪುಟ ತುಂಬ ಇದ್ದು ಲೆಕ್ಕವೇ ಇಲ್ಲದಿದ್ದರೆ ಅನುಮಾನ ಹುಟ್ಟುವುದು ಸಹಜ.

2006ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಚಾರಿಟಿ: ವಾಟರ್’ ಸಂಸ್ಥೆಯ ಕ್ರಮವನ್ನು ಗಮನಿಸಿ. ಆಡಳಿತದ ಖರ್ಚನ್ನು ಪ್ರತ್ಯೇಕ ದಾನಿಗಳಿಂದ ಭರಿಸಿ, ಸಾರ್ವಜನಿಕರು ಕೊಟ್ಟ ಹಣವನ್ನು ಪೂರ್ತಿಯಾಗಿ ಕುಡಿಯುವ ನೀರಿನ ಕಾಮಗಾರಿಗಳಿಗೇ ಬಳಸುವುದಾಗಿ ಅದು ಮಾತು ಕೊಟ್ಟಿದೆ. ಕಾಮಗಾರಿಯ ಚಿತ್ರಗಳನ್ನೂ ನಕ್ಷೆಯಲ್ಲಿ ಅದರ ಸ್ಥಳವನ್ನೂ ದಾನಿಗಳಿಗೆ ತೋರಿಸುತ್ತದೆ. ಖರ್ಚನ್ನು ಹಾಗೆ ಬೇರ್ಪಡಿಸುವುದು ಸಣ್ಣ ಸಂಸ್ಥೆಗಳಿಗೆ ಸಾಧ್ಯವಾಗಲಾರದು, ಅದರ ಅಗತ್ಯವೂ ಇಲ್ಲ. ಬಾಡಿಗೆ, ವಿದ್ಯುತ್, ಶಿಕ್ಷಕರ ಗೌರವಧನವೂ ಸೇವೆಯ ಖರ್ಚೇ ಎಂದು ಸಂಕೋಚವಿಲ್ಲದೆ ಬರೆಯಿರಿ. ಆದರೆ ಕೊಟ್ಟ ಹಣದಿಂದ ಆದ ಕೆಲಸವನ್ನು ಕೊಟ್ಟವರಿಗೆ ತೋರಿಸುವ ಪದ್ಧತಿಯನ್ನು ಯಾರು ಬೇಕಾದರೂ ಪಾಲಿಸಬಹುದು.

ಇನ್ನೊಂದು ಕೆಲಸವನ್ನು ಈ ವಾರವೇ ಮಾಡಿ. ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ನಿಮ್ಮ ವೆಬ್‌ಸೈಟಿನ ಮೂಲಕ ಸಣ್ಣ ಮೊತ್ತವೊಂದನ್ನು ಕೊಡುವಂತೆ ಕೇಳಿ, ಏನೂ ಹೇಳಿಕೊಡದೆ ಪಕ್ಕದಲ್ಲಿ ಕುಳಿತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಯೇ ಉಳಿದ ದಾನಿಗಳೂ ಹಿಂದೆ ಸರಿಯುತ್ತಿದ್ದಾರೆ. ಹಣ ಬಂದ ಕೂಡಲೇ ರಸೀದಿ, ಒಂದೆರಡು ದಿನದಲ್ಲಿ ಒಬ್ಬ ಮನುಷ್ಯ ಬರೆದ ಕೃತಜ್ಞತೆಯ ಪತ್ರ, ಕೆಲವು ತಿಂಗಳ ನಂತರ ಕೆಲಸದ ವರದಿ, ಈ ಮೂರೂ ತಲುಪಿದ ಮೇಲೆಯೇ ಎರಡನೆಯ ಬಾರಿ ಕೇಳುವ ಹಕ್ಕು ನಮಗೆ ಬರುತ್ತದೆ ಎಂದು ನಾನು ನಂಬಿದ್ದೇನೆ.

ಸ್ವಯಂಸೇವಕರ ಸಂಯೋಜಕರೊಬ್ಬರು:

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಸೇರಿಸಬೇಕಾದದ್ದು, ಸಂಸ್ಥೆಯೇ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕಿಂತ ಪರಿಚಿತರೊಬ್ಬರು ಕೇಳಿಕೊಂಡಾಗ ಜನ ಬೇಗ ಓಗೊಡುತ್ತಾರೆ ಎಂಬುದನ್ನು. ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ವಿಡಿಯೋ ಹಾಕಿ, ಹಾಗೆ ಮಾಡುವಂತೆ ಅಥವಾ ದೇಣಿಗೆ ಕೊಡುವಂತೆ ಇತರರಿಗೆ ಸವಾಲು ಹಾಕುತ್ತಿದ್ದ 2014ರ ‘ಐಸ್ ಬಕೆಟ್ ಚಾಲೆಂಜ್’ ನೆನಪಿರಬಹುದು. ನರಕೋಶಗಳು ಕ್ರಮೇಣ ನಶಿಸುವ ಎಎಲ್‌ಎಸ್ ಕಾಯಿಲೆಗಾಗಿ ದುಡಿಯುವ ಅಮೆರಿಕದ ಸಂಸ್ಥೆಗೆ ಕೆಲವೇ ವಾರಗಳಲ್ಲಿ ಸುಮಾರು 11.5 ಕೋಟಿ ಡಾಲರ್ ಬಂದಿತು. ಆ ಸರಪಳಿಯನ್ನು ಸಂಸ್ಥೆ ಹುಟ್ಟುಹಾಕಿರಲಿಲ್ಲ. ರೋಗಿಗಳು, ಅವರ ಬಂಧುಗಳು ಮತ್ತು ಗೆಳೆಯರು ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆದದ್ದರಿಂದ ಅದು ಬೆಳೆಯಿತು. ಆ ಹಣದ ನೆರವು ಪಡೆದ ಸಂಶೋಧನೆಯಿಂದ ಕಾಯಿಲೆಗೆ ಸಂಬಂಧಿಸಿದ ಎನ್‌ಇಕೆ1 ಎಂಬ ಜೀನ್ ಪತ್ತೆಯಾಯಿತೆಂದು 2016ರಲ್ಲಿ ಪ್ರಕಟವಾದಾಗ, ತಾವು ಕೊಟ್ಟದ್ದು ಏನಾಯಿತೆಂಬುದು ದಾನಿಗಳಿಗೂ ತಿಳಿಯಿತು. ಅಂಥ ಅಲೆಯನ್ನು ಯಾರೂ ಬೇಕೆಂದಾಗ ಎಬ್ಬಿಸಲಾರರು. ಆದರೆ ಈಗಾಗಲೇ ಪಾಠ ಹೇಳುತ್ತಿರುವವರು ತಮ್ಮದೇ ಖಾತೆಯಲ್ಲಿ, ತಮ್ಮದೇ ಮಾತಿನಲ್ಲಿ, ‘ವಾರಕ್ಕೆ ಎರಡು ಗಂಟೆ ಬನ್ನಿ, ಗಣಿತ ಹೇಳಿಕೊಡಬೇಕು’ ಎಂದು ಸ್ಪಷ್ಟವಾಗಿ ಬರೆದರೆ ಜನ ಬರುತ್ತಾರೆ. ‘ನಮ್ಮೊಡನೆ ಕೈಜೋಡಿಸಿ’ ಎಂಬ ಕರೆಗೆ ಯಾರೂ ಬರುವುದಿಲ್ಲ, ಏಕೆಂದರೆ ಏನು ಮಾಡಬೇಕೆಂಬುದು ಅದರಲ್ಲಿಲ್ಲ.

ಮಕ್ಕಳೊಡನೆ ಕೆಲಸ ಮಾಡುವ ಮತ್ತೊಬ್ಬರು:

ಒಬ್ಬ ವ್ಯಕ್ತಿಯ ಕಥೆ ಅಂಕಿ-ಅಂಶಗಳಿಗಿಂತ ಹೆಚ್ಚು ದೇಣಿಗೆ ತರುತ್ತದೆ ಎಂಬುದನ್ನು ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಇದು ನಿಜವಾಗಿರುವುದರಿಂದಲೇ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಅಳುವ ಮುಖ, ಹರಿದ ಬಟ್ಟೆ ಇಂದು ಹಣ ತರಬಹುದು. ಆ ಮಗು ದೊಡ್ಡವನಾದ ಮೇಲೆಯೂ ಆ ಚಿತ್ರ ಅಂತರ್ಜಾಲದಲ್ಲಿ ಉಳಿದಿರುತ್ತದೆ. ತಂದೆತಾಯಿಯರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ, ಮಗುವನ್ನೂ ಕೇಳಿ, ಬೇಡವೆಂದ ಮಾತ್ರಕ್ಕೆ ಪಾಠ ನಿಲ್ಲುವುದಿಲ್ಲವೆಂದು ಇಬ್ಬರಿಗೂ ಮನವರಿಕೆ ಮಾಡಿಕೊಡಿ. ನೆರವು ಪಡೆಯುತ್ತಿರುವವರು ಸಂಸ್ಥೆಗೆ ‘ಬೇಡ’ ಎನ್ನಲು ಹಿಂಜರಿಯುತ್ತಾರೆ ಎಂಬುದನ್ನು ಮರೆಯಬಾರದು. ಹೆಸರು ಬದಲಿಸಿದರೂ ಶಾಲೆಯ ಸಮವಸ್ತ್ರ ಅಥವಾ ಹಿನ್ನೆಲೆಯ ನಾಮಫಲಕದಿಂದ ಮಗುವಿನ ಗುರುತು ಹತ್ತಬಹುದು. ಬರೆಯುತ್ತಿರುವ ಕೈ, ತಿದ್ದಿದ ನೋಟುಪುಸ್ತಕ, ಶಿಕ್ಷಕರ ಮಾತು, ಇವುಗಳಿಂದಲೂ ಕಥೆಯನ್ನು ಚೆನ್ನಾಗಿ ಹೇಳಬಹುದು.

ಸಂಸ್ಥೆಗಳಿಗೆ ತಾಂತ್ರಿಕ ನೆರವು ನೀಡುವ ಒಬ್ಬರು:

ಎಲ್ಲ ಜಾಲತಾಣಗಳಲ್ಲೂ ಇರಬೇಕಾಗಿಲ್ಲ. ನಿಮ್ಮ ಬೆಂಬಲಿಗರು ಹೆಚ್ಚಾಗಿರುವ ಒಂದನ್ನು ಆರಿಸಿಕೊಂಡು, ಉಳಿದವುಗಳಲ್ಲಿ ವೆಬ್‌ಸೈಟಿನ ವಿಳಾಸವನ್ನಷ್ಟೇ ಬಿಡಿ. ವೆಬ್‌ಸೈಟಿಗೆ ಬಂದವರಿಂದ, ಅವರು ಒಪ್ಪಿದರೆ, ಇಮೇಲ್ ವಿಳಾಸ ಪಡೆಯಿರಿ. ಅರ್ಹ ಸೇವಾ ಸಂಸ್ಥೆಗಳಿಗೆ ಗೂಗಲ್ ತನ್ನ ‘ಆಡ್ ಗ್ರಾಂಟ್ಸ್’ ಯೋಜನೆಯಲ್ಲಿ ತಿಂಗಳಿಗೆ 10,000 ಡಾಲರ್‌ವರೆಗಿನ, ಗೂಗಲ್‌ನಲ್ಲಿ ಹುಡುಕಿದಾಗ ಕಾಣುವ ಜಾಹೀರಾತನ್ನು ಉಚಿತವಾಗಿ ಕೊಡುತ್ತದೆ, ಆದರೆ ವೆಬ್‌ಸೈಟ್ ಅಚ್ಚುಕಟ್ಟಾಗಿರಬೇಕೆಂಬ ಷರತ್ತಿದೆ. ಕೊನೆಯದಾಗಿ, ಖಾತೆಗಳು ಯಾವುದೋ ಉತ್ಸಾಹಿ ಸ್ವಯಂಸೇವಕರ ಸ್ವಂತ ಇಮೇಲಿನಲ್ಲಿದ್ದರೆ ಇಂದೇ ಸಂಸ್ಥೆಯ ಇಮೇಲಿಗೆ ಬದಲಿಸಿ, ಇಬ್ಬರಿಗೆ ನಿರ್ವಹಣೆಯ ಅಧಿಕಾರ ಕೊಟ್ಟು, ಎರಡು ಹಂತದ ದೃಢೀಕರಣವನ್ನು ಜಾರಿಗೆ ತನ್ನಿ. ಆ ಒಬ್ಬರು ಬಿಟ್ಟುಹೋದರೆ ವರ್ಷಗಳಿಂದ ಕೂಡಿಬಂದ ಬೆಂಬಲಿಗರನ್ನು ಮತ್ತೆ ತಲುಪುವ ದಾರಿಯೇ ಮುಚ್ಚಿಹೋಗಬಹುದು.