ಸಹಾಯ ಬೇಕು: ಕಾಡುಪಾಪದ ಕಾರ್ಟೂನಲ್ಲಿ ಯಾವುದನ್ನು ಹಿಗ್ಗಿಸಲಿ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಚಿತ್ರಪುಸ್ತಕಕ್ಕೆ ಕಾಡುಪಾಪದ (ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್) ಪಾತ್ರದ ಚಿತ್ರ ಬರೆಯುತ್ತಿದ್ದೇನೆ. ನಮ್ಮ ಬೆಂಗಳೂರಿನದ್ದೇ ಪ್ರಾಣಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೂ ಇದೆ. ರಾತ್ರಿ ಸಂಚಾರ, ಕಡ್ಡಿಯಂಥ ಕೈಕಾಲು, ಬಾಲ ಇಲ್ಲವೆಂದೇ ಹೇಳಬಹುದು.

ತೊಂದರೆ ಇರುವುದು ಕಣ್ಣಲ್ಲಿ. ನಿಜವಾದ ಪ್ರಾಣಿಗೇ ಮುಖದ ತುಂಬಾ ಕಣ್ಣು. ಅದನ್ನು ಇನ್ನೂ ಹಿಗ್ಗಿಸಿದರೆ ಗೂಬೆ ಆಗುತ್ತದೆ. ಕಣ್ಣು ಬಿಟ್ಟು ಕೈಕಾಲು ಉದ್ದ ಮಾಡಿದೆ, ಅಕ್ಕನ ಮಗಳು ನೋಡಿ ‘ಜೇಡ’ ಅಂದಳು! ಕೈಕಾಲು ಮೋಟು ಮಾಡಿ ತಲೆ ದುಂಡಗೆ ಮಾಡಿದರೆ ಮುದ್ದಾಗಿದೆ, ಆದರೆ ಅದು ಯಾವ ಕರಡಿಮರಿಯೂ ಆಗಬಹುದು. ಒಳಗೆಲ್ಲ ಕಪ್ಪು ತುಂಬಿ ಬರೀ ಹೊರಆಕಾರ ತೋರಿಸಿದರೆ ಎಲ್ಲರೂ ಕೋತಿ ಅಂತಾರೆ. ಕಣ್ಣಿನ ಸುತ್ತ ಕಪ್ಪು ಮಚ್ಚೆ, ಮೂಗಿನ ಮೇಲಿನ ಬಿಳಿ ಪಟ್ಟೆ ಉಳಿಸಿಕೊಂಡಿದ್ದೇನೆ, ಆದರೆ ದೂರದಿಂದ ಅವು ಕಾಣುವುದೇ ಇಲ್ಲ.

‘ಒಂದನ್ನು ಹಿಗ್ಗಿಸು, ಉಳಿದದ್ದು ಸರಳ ಮಾಡು’ ಅನ್ನುವುದು ಗೊತ್ತು. ಆ ಒಂದು ಯಾವುದು ಅನ್ನೋದೇ ಹೊಳೆಯುತ್ತಿಲ್ಲ. ನನಗೇನೋ ಕೊಂಬೆಯನ್ನು ಬಿಗಿಯಾಗಿ ಹಿಡಿಯುವ ಆ ಕೈ ಮೇಲೆ ಆಸೆ.

ಪ್ರಾಣಿಪಾತ್ರ ಬರೆದವರು ಹೇಳಿ: ಕಣ್ಣನ್ನು ನಿಜವಾದ ಅಳತೆಯಲ್ಲೇ ಬಿಟ್ಟು ಹಿಡಿಯುವ ಕೈಯನ್ನು ದೊಡ್ಡದು ಮಾಡಿದರೆ ಐದು ವರ್ಷದ ಮಗು ಗುರುತಿಸುತ್ತದಾ? ಇಲ್ಲ ಕಣ್ಣನ್ನೇ ಹಿಗ್ಗಿಸಬೇಕು ಅಂದರೆ, ಗೂಬೆ ಆಗದ ಹಾಗೆ ಮುಖದಲ್ಲಿ ಏನು ಬದಲಿಸಲಿ?